ಡೋರೀನ್ ಅವರ ಎಡಗಡೆ ಸ್ಟೇರಿಂಗು

ಮಾರ್ಚ್ ತಿಂಗಳ ಒಂದು ಗಾಳಿಯ ಬೆಳಿಗ್ಗೆ ಕಾರು ಲಾರಿಯ ಬೆನ್ನೇರಿ ನಮ್ಮ ಬೀದಿಗೆ ಬಂತು. ಅಮೆರಿಕಾದ ಅರಿಜೋನಾದಿಂದ ಹಡಗಿನಲ್ಲಿ ಬಂದು, ಬಂದರಿನಲ್ಲಿ ಕೆಲವು ದಿನ ಬಿದ್ದಿದ್ದು, ಕೊನೆಗೆ ಇಂಗ್ಲೆಂಡಿನ ಡ್ರಿಫೀಲ್ಡ್ ಊರಿನ ಈ ಇಟ್ಟಿಗೆ ಮನೆಗಳ ಸಾಲಿಗೆ ತಲುಪಿತ್ತು. ಬಾನೆಟ್ಟು ಬಿಸಿಲಿಗೆ ಬೆಂದು ಒಣಗಿದ ಕಿತ್ತಳೆ ಸಿಪ್ಪೆಯ ಹಾಗಿತ್ತು. ಸೀಟುಗಳು ಬಿರಿದು ಒಳಗಿನ ಸ್ಪಂಜು ಪುಡಿಪುಡಿಯಾಗಿ ಉದುರುತ್ತಿತ್ತು. ಆದರೆ ತಗಡು ಗಟ್ಟಿಯಾಗಿತ್ತು. ನಮ್ಮ ಕಡೆಯ ಹಳೇ ಕಾರುಗಳು ಹಾಗಲ್ಲ. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಚೆಲ್ಲುವ ಉಪ್ಪು ಅವನ್ನು ಅಡಿಯಿಂದ ತಿಂದುಹಾಕುತ್ತದೆ. ಅದಕ್ಕೇ ತಿಳಿದವರು ಮರುಭೂಮಿಯಿಂದ ತರಿಸಿಕೊಳ್ಳುತ್ತಾರೆ.

ಅದು ಎಂಜಿ ಕಾರು. ಎರಡೇ ಸೀಟು, ತಲೆಯ ಮೇಲೆ ಮಡಚುವ ಬಟ್ಟೆಯ ಮಾಡು. ಐವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲೇ ತಯಾರಾಗಿ ಆ ದೇಶಕ್ಕೆ ಹೋಗಿದ್ದು ಈಗ ವಾಪಸು ಬಂದಿತ್ತು. ಡೋರೀನ್‌ಗೆ ಅಗ್ಗಕ್ಕೆ ಸಿಕ್ಕಿತ್ತು, ಏಕೆಂದರೆ ಸ್ಟೇರಿಂಗು ಎಡಗಡೆ ಇತ್ತು.

ಲಾರಿಯಿಂದ ಇಳಿಸಲು ಹಳೇ ಕಾರುಗಳ ಕ್ಲಬ್ಬಿನ ಬರ್ನಾರ್ಡ್ ಬಂದಿದ್ದರು. ಕ್ಲಬ್ಬಿಗೆ ಅಧ್ಯಕ್ಷರು, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಗಂಟಲು. ಕಾರನ್ನು ಒಂದು ಸುತ್ತು ಹಾಕಿ, ಒಳಗೆ ಬಗ್ಗಿ ನೋಡಿದರು.

"ಏನು ಡೋರೀನ್, ಅಂಚೆ ಕೆಲಸಕ್ಕೆ ಸೇರ್ತೀಯಾ? ಎಡಗಡೆ ಕೂತರೆ ಗಾಡಿಯಿಂದ ಇಳೀದೇನೇ ಮನೆಮನೆ ಡಬ್ಬಿಗೆ ಕಾಗದ ಹಾಕ್ಬಹುದು. ಬೇರೇನಕ್ಕೂ ಬರಲ್ಲ."

"ಬಾಯ್ಮುಚ್ಚಿ ತಳ್ಳು, ಬರ್ನಾರ್ಡ್."

"ತಳ್ತೀನಿ ತಾಯೀ. ಆದ್ರೆ ಮೊದಲ್ನೇ ಕೆಲಸ ಅದೇ. ಸ್ಟೇರಿಂಗು, ಪೆಡಲು, ಡ್ಯಾಶ್‌ಬೋರ್ಡು ಎಲ್ಲಾ ಬಲಕ್ಕೆ ತರೋಣ. ಮನೆಗೆ ಬಂದ ಮೇಲೆ ಮನೆಯವರ ಥರಾ ಇರಬೇಕಲ್ಲ."

"ಬೇಡ. ಇರಲಿ ಬಿಡು. ಹಾಗೇ ಚೆನ್ನಾಗಿದೆ," ಎಂದರು ಡೋರೀನ್.

ಅದನ್ನು ಅವರು ಮೆಲ್ಲಗೆ, ಯಾರಿಗೂ ಬೇಸರವಾಗದ ಹಾಗೆ ಹೇಳಿದರು. ತಮಾಷೆಯ ಮಾತು ಬಿಟ್ಟರೆ ಡೋರೀನ್ ಎಲ್ಲವನ್ನೂ ಹಾಗೇ ಹೇಳುತ್ತಿದ್ದರು.

ಮಾರ್ಕೆಟ್ ಬೀದಿಯಲ್ಲಿ ಅವರದು ಪರದೆ ಹೊಲಿಯುವ ಅಂಗಡಿ. ಊರಿನ ಅರ್ಧ ಕಿಟಕಿಗಳಿಗೆ ಬಟ್ಟೆ ತೊಡಿಸಿದ್ದು ಅವರೇ. ಗಂಡ ರೋಲಂಡ್ ಸ್ಟೇದರ್ಸ್ ಧಾನ್ಯದ ಗಿರಣಿಯಲ್ಲಿ ಕೆಲಸಕ್ಕಿದ್ದರು. ಅವರಿಗೂ ಇಂಥದೇ ಒಂದು ತೆರೆದ ಕಾರಿತ್ತು, ಹಸಿರು ಬಣ್ಣದ್ದು. ಮದುವೆಯಾದಾಗಿನಿಂದ ಪ್ರತಿ ಭಾನುವಾರ ಇಬ್ಬರೂ ಅದರಲ್ಲಿ ಹೊರಡುತ್ತಿದ್ದರು. ರೋಲಂಡ್ ಬಲಗಡೆ, ಕೈಯಲ್ಲಿ ಸ್ಟೇರಿಂಗು. ಡೋರೀನ್ ಎಡಗಡೆ, ತೊಡೆಯ ಮೇಲೆ ನಕ್ಷೆ. ಎಲ್ಲಿ ತಿರುಗಬೇಕು, ಎಲ್ಲಿ ನಿಧಾನ, ಯಾವ ತಿರುವಿನಾಚೆ ಸೇತುವೆ ಕಿರಿದು, ಎಲ್ಲ ಇವರು ಹೇಳಬೇಕು, ಅವರು ಓಡಿಸಬೇಕು. ಅಂಗಡಿಗೆ ಹೋಗಿಬರಲು ಡೋರೀನ್ ಬಳಿ ಬೇರೆ ಪುಟ್ಟ ಕಾರಿತ್ತು. ಅದನ್ನು ಅವರು ಕೈಚೀಲದ ಹಾಗೆ ಬಳಸುತ್ತಿದ್ದರು, ಅದರ ಬಗ್ಗೆ ಯೋಚಿಸುತ್ತಿರಲಿಲ್ಲ. ತೆರೆದ ಕಾರಿನಲ್ಲಿ ಮಾತ್ರ ಅವರ ಜಾಗ ಎಡಗಡೆ. ಬೇಲಿಯ ಹೂವುಗಳು ಕೈಗೆಟುಕುವಷ್ಟು ಹತ್ತಿರ ಸರಿಯುತ್ತಿದ್ದವು. ಬೇಸಿಗೆಯಲ್ಲಿ ಅವರ ಎಡಗೆನ್ನೆ ಒಂದೇ ಕೆಂಪಗಾಗುತ್ತಿತ್ತು.

ರೋಲಂಡ್ ತೀರಿಕೊಂಡ ಮೇಲೆ ಒಂದು ದಿನ ಅವರು ಹಸಿರು ಕಾರಿನ ಬಲಗಡೆಯ ಬಾಗಿಲು ತೆಗೆದು ಕೂತರು. ಕೀಲಿ ತಿರುಗಿಸಿದರು. ಎಂಜಿನ್ನು ಒಳ್ಳೆಯ ಹುಡುಗನ ಹಾಗೆ ಶುರುವಾಯಿತು. ಅಷ್ಟರಲ್ಲಿ ಎಡಗಡೆ ನೋಡಿದರು. ಅಲ್ಲಿ ತಾವು ಇರಲಿಲ್ಲ. ಎಂಜಿನ್ನು ಆರಿಸಿ ಇಳಿದು ಬಂದರು. ಆ ತಿಂಗಳೇ ಕಾರನ್ನು ದೂರದ ಊರಿನ ಒಬ್ಬರಿಗೆ ಕೊಟ್ಟುಬಿಟ್ಟರು. ಇಲ್ಲಿಗೆ ಮುಗಿಯಿತು ಎಂದುಕೊಂಡೆವು ನಾವೆಲ್ಲ.

ಮುಗಿದಿರಲಿಲ್ಲ. ಅಮೆರಿಕಾದ ಕಾರುಗಳಲ್ಲಿ ಸ್ಟೇರಿಂಗು ಎಡಗಡೆ ಇರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಡೋರೀನ್‌ಗೆ ಅದು ಯಾವುದೋ ಒಂದು ಮಧ್ಯಾಹ್ನ ಹೊಸದಾಗಿ ಗೊತ್ತಾದಂತಿತ್ತು. ತಮ್ಮ ಜಾಗ ಬಿಟ್ಟು ಏಳದೆ ಅವರು ಓಡಿಸಬಹುದಿತ್ತು. ಅದಕ್ಕೇ ಅಷ್ಟು ದೂರದಿಂದ ತರಿಸಿದರು. ಕಾರಣವನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಹೇಳಿದರೆ ಅದು ಮೂರ್ಖತನದ ಹಾಗೆ ಕೇಳಿಸಬಹುದು ಅನ್ನಿಸಿರಬೇಕು.

ಕಾರನ್ನು ಮತ್ತೆ ಕಾರು ಮಾಡಲು ಒಂದು ವರ್ಷಕ್ಕಿಂತ ಹೆಚ್ಚೇ ಹಿಡಿಯಿತು. ಸೀಟಿನ ಹೊದಿಕೆ, ಬಾಗಿಲಿನ ಒಳಮೈ, ಮೇಲಿನ ಮಾಡು, ಇವನ್ನೆಲ್ಲ ಡೋರೀನ್ ಅಂಗಡಿಯ ದೊಡ್ಡ ಹೊಲಿಗೆ ಯಂತ್ರದಲ್ಲಿ ತಾವೇ ಹೊಲಿದರು. ಎಂಜಿನ್ನು, ಬ್ರೇಕು, ತಂತಿಗಳ ಕೆಲಸಕ್ಕೆ ಕ್ಲಬ್ಬು ಕ್ಲಿಫ್ ಹಾಟನ್ ಅವರನ್ನು ಕಳಿಸಿಕೊಟ್ಟಿತು.

ಕ್ಲಿಫ್ ರೈಲ್ವೆ ಗೇಟಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಇಡೀ ದಿನದಲ್ಲಿ ಅವರು ಆಡುವ ಮಾತು ಒಂದು ಬೊಗಸೆಯಲ್ಲಿ ಹಿಡಿಯುವಷ್ಟು. ಶನಿವಾರ ಬೆಳಿಗ್ಗೆ ಗ್ಯಾರೇಜಿನ ಬಾಗಿಲಿಗೆ ಬೆರಳಿನಿಂದ ಬಡಿಯುತ್ತಿದ್ದರು, ಬಾಗಿಲು ತೆರೆದೇ ಇದ್ದರೂ.

"ಒಳಗೆ ಬನ್ನಿ ಕ್ಲಿಫ್, ಬಾಗಿಲು ತೆಗೆದೇ ಇದೆಯಲ್ಲ."

"ಹೌದು. ಆದ್ರೂ."

ಕಾರಿನ ಸಂದುಗೊಂದುಗಳಿಂದ ಅರಿಜೋನಾದ ಕೆಂಪು ಧೂಳು ತಿಂಗಳುಗಟ್ಟಲೆ ಸುರಿಯುತ್ತಲೇ ಇತ್ತು. ಗುಡಿಸಿದಷ್ಟೂ ಬರುತ್ತಿತ್ತು. "ಅಲ್ಲೇನಾದ್ರೂ ಉಳಿದಿದೆಯೋ ಇಲ್ವೋ," ಎಂದು ಒಮ್ಮೆ ಕ್ಲಿಫ್ ಅಂದರು, ಡೋರೀನ್ ಕಸದ ಮೊರ ಹಿಡಿದುಕೊಂಡೇ ನಕ್ಕರು. ರೋಲಂಡ್ ಹೋದ ಮೇಲೆ ಆ ಮನೆಯಿಂದ ನಗು ಕೇಳಿಬಂದದ್ದು ಅದೇ ಮೊದಲು ಎಂದು ಪಕ್ಕದ ಮನೆಯವರು ಹೇಳುತ್ತಾರೆ.

ಸ್ಟೇರಿಂಗಿನ ಮಾತನ್ನು ಬರ್ನಾರ್ಡ್ ಇನ್ನೊಮ್ಮೆ ತೆಗೆದರು. ಅವರ ಗೆಳೆಯರೊಬ್ಬರ ಗುಜರಿ ಅಂಗಳದಲ್ಲಿ ಬಲಗಡೆ ಸ್ಟೇರಿಂಗಿನ ಸಾಮಾನು ಪೂರ್ತಿ ಇದೆ, ದುಡ್ಡಿನ ಮಾತೇ ಇಲ್ಲ ಎಂದರು. ಡೋರೀನ್ ಮತ್ತೆ, "ಬೇಡ ಬರ್ನಾರ್ಡ್, ನಿನಗ್ಯಾಕೆ ತೊಂದರೆ," ಎಂದರು. ದೀಪಗಳನ್ನು ಮಾತ್ರ ಬದಲಾಯಿಸಿದರು, ಹಳೇವು ಎದುರು ಬರುವವರ ಕಣ್ಣಿಗೆ ಹೊಡೆಯುತ್ತಿದ್ದವು. ತಪಾಸಣೆಯಲ್ಲಿ ಕಾರು ಪಾಸಾಯಿತು. ಮರುವರ್ಷ ಜೂನ್‌ನಲ್ಲಿ ರಸ್ತೆಗಿಳಿಯಿತು.

ಕಷ್ಟ ಗೊತ್ತಾದದ್ದು ಆಗ. ರಸ್ತೆಯ ಎಡಕ್ಕೇ ಹೋಗುವ ನಾಡಿನಲ್ಲಿ, ಎಡಗಡೆ ಕೂತವರಿಗೆ ಮುಂದಿನ ಗಾಡಿಯ ಬೆನ್ನು ಬಿಟ್ಟರೆ ಏನೂ ಕಾಣುವುದಿಲ್ಲ. ನಮ್ಮ ಗುಡ್ಡದ ರಸ್ತೆಗಳಲ್ಲಿ ಬೇಸಿಗೆ ಪೂರ್ತಿ ಹುಲ್ಲಿನ ಟ್ರಾಕ್ಟರುಗಳು ತೆವಳುತ್ತಿರುತ್ತವೆ. ಹಿಂದಿಕ್ಕಬೇಕಾದರೆ ಕಾರನ್ನೇ ರಸ್ತೆಯ ನಡುವಿಗೆ ಚಾಚಿ ನೋಡಬೇಕು. ಅಷ್ಟರಲ್ಲಿ ಎದುರಿನಿಂದ ಲಾರಿ ಬಂದರೆ ನೋಡಿದ್ದೇ ಕೊನೆ. ಹಾಗಾಗಿ ಬಲಗಡೆಯ ಸೀಟಿನಲ್ಲಿ ಒಬ್ಬರು ಇರಲೇಬೇಕು. ಮೊದಲ ದಿನ ಬ್ರೇಕು ಪರೀಕ್ಷಿಸಲು ಕ್ಲಿಫ್ ಅಲ್ಲಿ ಕೂತರು. ಸ್ಲೆಡ್ಮಿಯರ್ ದಿಬ್ಬದಲ್ಲಿ ಒಂದು ಟ್ರಾಕ್ಟರು ಸಿಕ್ಕಿತು.

"ಕಾಣ್ಸುತ್ತಾ ಕ್ಲಿಫ್?"

ಕ್ಲಿಫ್ ಬಾಗಿಲಿನಾಚೆ ಕತ್ತು ಚಾಚಿದರು. "ತಡೀರಿ. ವ್ಯಾನು ಒಂದು. ತಡೀರಿ... ಸೈಕಲ್ಲಿನವನು. ಪಾಪ, ಉಬ್ಬಸ ಪಡ್ತಿದ್ದಾನೆ. ಈಗ. ಖಾಲಿ. ಹೋಗಿ."

ಡೋರೀನ್ ಹೋದರು. ಏನೂ ಕಾಣದೆ, ಬರೀ ಆ ಮಾತಿನ ಮೇಲೆ. ಟ್ರಾಕ್ಟರು ಪಕ್ಕದಲ್ಲಿ ಗೋಡೆಯ ಹಾಗೆ ಸರಿದು ಹಿಂದೆ ಉಳಿಯಿತು, ಮುಂದೆ ರಸ್ತೆ ತೆರೆದುಕೊಂಡಿತು. ಒಂದು ಮೈಲಿ ಹೋದ ಮೇಲೆ ಕ್ಲಿಫ್, "ಚೆನ್ನಾಗಿ ಎಳೀತು," ಎಂದರು, ಕಾರಿನ ಬಗ್ಗೆ.

ಆಮೇಲೆ ಶನಿವಾರಗಳು ಹಾಗೇ ಸಾಗಿದವು. ಗ್ಯಾರೇಜಿನ ಕೆಲಸ ಮುಗಿದಿದ್ದರೂ ಕ್ಲಿಫ್ ಬಂದು ಬಾಗಿಲು ಬಡಿಯುತ್ತಿದ್ದರು. ಪಾರ್ಕಿಂಗ್ ಜಾಗದಲ್ಲಿ ಯಂತ್ರದಿಂದ ಚೀಟಿ ಎಳೆದುಕೊಳ್ಳುವುದು ಅವರು, ಅದು ಬಲಗಡೆ ಇರುತ್ತದಲ್ಲ. ನಾಲ್ಕು ದಾರಿ ಕೂಡುವಲ್ಲಿ ಕತ್ತು ಹೊರಳಿಸುವುದು ಅವರು. ಡೋರೀನ್ ಫ್ಲಾಸ್ಕಿನಲ್ಲಿ ಚಹಾ, ಹಣ್ಣಿನ ಕೇಕು, ಅದರ ಜೊತೆಗೆ ಒಂದು ತುಂಡು ಚೀಸು ತರುತ್ತಿದ್ದರು. ಸಮುದ್ರದ ಕಡೆಗೆ ಮುಖ ಮಾಡಿ ಕಾರು ನಿಲ್ಲಿಸಿ ತಿನ್ನುತ್ತಿದ್ದರು. ತಿನ್ನುವಾಗ ಮಾತಾಡಬೇಕೆಂದಿಲ್ಲ.

ಒಂದು ಶನಿವಾರ ಕ್ಲಿಫ್‌ಗೆ ನೆಗಡಿ ಬಂತು. ಬರಲಾಗುವುದಿಲ್ಲ ಎಂದು ಹೇಳಲು, ಮೂಗು ಒರೆಸಿಕೊಳ್ಳುತ್ತ, ಮಧ್ಯಾಹ್ನ ದಾಟಿದ ಮೇಲೆ ನಡೆದು ಬಂದರು. ಕಾರು ಮನೆಯ ಮುಂದೆ ನಿಂತಿತ್ತು. ಮಾಡು ಮಡಚಿತ್ತು. ಡೋರೀನ್ ತಲೆಗೆ ವಸ್ತ್ರ ಕಟ್ಟಿಕೊಂಡು ಎಡಗಡೆಯ ಸೀಟಿನಲ್ಲಿ ಕೂತು ಹೆಣೆಯುತ್ತಿದ್ದರು.

"ಬೆಳಿಗ್ಗೆಯಿಂದ ಕಾಯ್ತಿದ್ದೀರಾ?"

"ಅಯ್ಯೋ ಇಲ್ಲಪ್ಪ. ಈಗ ತಾನೇ ಕೂತೆ."

ಮಡಿಲಲ್ಲಿದ್ದ ಸ್ವೆಟರಿನ ತೋಳು ಆಗಲೇ ಮೊಣಕೈ ದಾಟಿ ಬೆಳೆದಿತ್ತು. ಕ್ಲಿಫ್ ಅದನ್ನು ನೋಡಿದರು. ಮನೆಗೆ ಹೋಗುವ ದಾರಿಯುದ್ದಕ್ಕೂ ಅವರು ಅದನ್ನೇ ಯೋಚಿಸಿದರು. ತನ್ನಂಥವನೊಬ್ಬನಿಗಾಗಿ ಆ ಹೆಂಗಸು ಕಟ್ಟಿಹಾಕಿದಂತೆ ಕೂರಬೇಕಲ್ಲ ಎಂದು.

ಜನವರಿಯಲ್ಲಿ ಡೋರೀನ್‌ಗೆ ಸೊಂಟದ ಕೀಲಿನ ಆಪರೇಶನ್ ಆಯಿತು. ಆಮೇಲೆ ಎರಡು ಮೂರು ತಿಂಗಳು ಲಿಂಕನ್ ಪಟ್ಟಣದಲ್ಲಿ ಅಕ್ಕನ ಮನೆಯಲ್ಲಿ ಉಳಿದರು. ಹೋಗುವಾಗ ಗ್ಯಾರೇಜಿನ ಕೀಲಿಯನ್ನು ಕ್ಲಿಫ್ ಕೈಗೆ ಕೊಟ್ಟು, "ವಾರಕ್ಕೊಂದು ಸಲ ಎಂಜಿನ್ನು ಶುರು ಮಾಡಿ, ಬ್ಯಾಟರಿ ಸಾಯ್ಬಾರ್ದು," ಎಂದಿದ್ದರು.

ಕ್ಲಬ್ಬಿನವರು ಸೇರುವುದು ಹಂಸದ ಬೋರ್ಡಿರುವ ಪಬ್ಬಿನ ಹಿಂಭಾಗದ ಕೋಣೆಯಲ್ಲಿ. ಅಲ್ಲಿ ಕ್ಲಿಫ್ ಯಾವತ್ತೂ ತಾವಾಗಿ ಮಾತು ತೆಗೆದವರಲ್ಲ. ಆ ದಿನ ತೆಗೆದರು.

"ಡೋರೀನ್ ಕಾರನ್ನ ಬಲಕ್ಕೆ ಮಾಡಿಬಿಡೋಣ. ಅವರು ಬರೋದ್ರೊಳಗೆ."

ಬರ್ನಾರ್ಡ್ ಗ್ಲಾಸು ಕೆಳಗಿಟ್ಟರು. "ನೋಡ್ರಪ್ಪ, ಗೇಟು ಬಾಯಿ ತೆಗೀತು! ನಾನು ಮೊದಲ ದಿನದಿಂದ ಬಡ್ಕೊಳ್ತಿದ್ದೀನಿ. ಅವಳೇ ಬೇಡ ಅಂದ್ಲು."

"ಎಷ್ಟು ಸಲ ಬೇಡ ಅಂದ್ರು?"

"ಎರಡು ಸಲ."

ಎಲ್ಲರೂ ಅದನ್ನು ತೂಗಿ ನೋಡಿದರು. ನಮ್ಮ ಕಡೆ ಮೊದಲ ಸಲಕ್ಕೆ ಚಹಾ ಬೇಕು ಎಂದವರಿಲ್ಲ. ಬೇಡ ಅನ್ನಬೇಕು, ಮತ್ತೆ ಕೇಳಿದರೂ ತೊಂದರೆ ಯಾಕೆ ಅನ್ನಬೇಕು, ಮೂರನೇ ಸಲಕ್ಕೆ ಅರ್ಧ ಲೋಟ ಎಂದು ಒಪ್ಪಬೇಕು. ಇಲ್ಲದಿದ್ದರೆ ಹೊಟ್ಟೆಬಾಕರೆಂದು ಹೆಸರು ಬರುತ್ತದೆ.

"ಎರಡೇ ಸಲ ಅಂದ್ರೆ ಸಂಕೋಚ ಅಷ್ಟೇ," ಎಂದರು ಬರ್ನಾರ್ಡ್. "ಮೂರನೇ ಸಲ ಕೇಳೋದೇ ಬೇಡ. ಮಾಡಿ ಮುಂದೆ ನಿಲ್ಸೋಣ."

"ನಾನು ಬರೋ ತನಕ ಅವರು ಎಲ್ಲೂ ಹೋಗೋ ಹಾಗಿಲ್ಲ," ಎಂದರು ಕ್ಲಿಫ್. "ಅದು ಸರಿಯಲ್ಲ."

ಮುಂದಿನ ವಾರಗಳಲ್ಲಿ ಆ ಗಂಡಸರು ಮಾಡಿದ ಕೆಲಸವನ್ನು ಕಡಿಮೆ ಎನ್ನಲಾಗದು. ಚಳಿಯಲ್ಲಿ, ಬೆರಳು ಮರಗಟ್ಟುವಾಗ, ಕಾರಿನಡಿ ಮಲಗಿ ಒಂದೊಂದೇ ಬೋಲ್ಟು ಬಿಚ್ಚಿದರು. ಬಲಗಡೆಗೆ ಪೆಡಲು ಕೂರಿಸಿದರು, ಹೊಸ ಬ್ರೇಕ್ ಕೊಳವೆ ಬಗ್ಗಿಸಿದರು. ಡ್ಯಾಶ್‌ಬೋರ್ಡನ್ನು ಕ್ಲಿಫ್ ತಮ್ಮ ಮನೆಗೆ ಒಯ್ದು ಅಡುಗೆಮನೆಯ ಮೇಜಿನ ಮೇಲಿಟ್ಟು ಬಣ್ಣ ಬಳಿದರು, ಒಣಗಿದ ಮೇಲೆ ತಿಕ್ಕಿ ಮತ್ತೆ ಬಳಿದರು. ಊಟವನ್ನು ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಮಾಡುತ್ತಿದ್ದರಂತೆ.

ಡೋರೀನ್ ಏಪ್ರಿಲ್‌ನಲ್ಲಿ ವಾಪಸಾದರು. ಕೈಯಲ್ಲಿ ಕೋಲಿತ್ತು, ಆದರೆ ನಡಿಗೆ ನೆಟ್ಟಗಿತ್ತು. ಅವರು ಟ್ಯಾಕ್ಸಿಯಿಂದ ಇಳಿಯುವಾಗ ಕ್ಲಬ್ಬಿನ ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ಬರ್ನಾರ್ಡ್ ಅವರ ನಾಯಿಯೂ ಇತ್ತು. ಕಾರನ್ನು ತೊಳೆದು ಹೊರಗೆ ನಿಲ್ಲಿಸಿದ್ದರು, ಮಾಡು ಮುಚ್ಚಿತ್ತು, ಒಳಗೆ ಏನಿದೆಯೆಂದು ದೂರದಿಂದ ಕಾಣುತ್ತಿರಲಿಲ್ಲ.

"ಕೂತ್ಕೊಂಡು ನೋಡು ಡೋರೀನ್, ಹೊಸಾ ಸೊಂಟಕ್ಕೆ ಹಿಡಿಸುತ್ತೋ ಇಲ್ವೋ," ಎಂದರು ಬರ್ನಾರ್ಡ್.

ಡೋರೀನ್ ನಗುತ್ತ ಎಡಗಡೆಯ ಬಾಗಿಲು ತೆರೆದರು. ಕೋಲನ್ನು ಕ್ಲಿಫ್ ಕೈಗೆ ಕೊಟ್ಟು, ಹಿಂದುಹಿಂದಾಗಿ ಇಳಿದು ಕೂತರು. ಕೈ ತಾನಾಗಿ ಮುಂದೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ನುಣ್ಣಗೆ ಬಣ್ಣ ಬಳಿದ ಹಲಗೆ, ಒಂದು ಪುಟ್ಟ ಖಾನೆ, ಅಷ್ಟೇ.

ಹೊರಗೆ ನಗು ಸಿಡಿಯಿತು. "ಆ ಕಡೆ ಕಣಮ್ಮಾ, ಆ ಕಡೆ! ನಿನ್ನ ಗಾಡಿ ಈಗ ಇಂಗ್ಲೆಂಡಿಗೆ ಬಂತು!"

ಡೋರೀನ್ ಬಲಕ್ಕೆ ತಿರುಗಿ ನೋಡಿದರು. ಸ್ಟೇರಿಂಗು ಅಲ್ಲಿತ್ತು. ಕೈಯನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ ಅವರೂ ನಕ್ಕರು, ಉಳಿದವರಿಗಿಂತ ಸ್ವಲ್ಪ ತಡವಾಗಿ. ಇಳಿದು, ಕೋಲು ಊರಿಕೊಂಡು, ಕಾರಿನ ಮೂತಿಯನ್ನು ಬಳಸಿ ಆ ಬದಿಗೆ ನಡೆದರು. ಎಲ್ಲರೂ ನೋಡುತ್ತಿದ್ದರು. ಪುಟ್ಟ ಕಾರು ಅದು, ಸುತ್ತಲು ಎಷ್ಟು ಹೊತ್ತು ಬೇಕು. ಆದರೂ ಅವರು ಬಾನೆಟ್ಟಿನ ಮೇಲೆ ಕೈಯೂರಿ ಒಂದು ಗಳಿಗೆ ನಿಂತರು.

"ಸೊಂಟ ನೋವಾ?" ಎಂದರು ಕ್ಲಿಫ್.

"ಇಲ್ಲ. ಚೆನ್ನಾಗಿದೆ. ತುಂಬಾ ಚೆನ್ನಾಗಿ ಮಾಡಿದ್ದೀರಿ. ನನಗೆ ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ."

ಆ ಮಾತನ್ನು ಅವರು ಸಂತೋಷಕ್ಕೆ ಮಾತು ಹೊರಡದೆ ಆಡಿದ್ದು ಎಂದೇ ಎಲ್ಲರೂ ತಿಳಿದರು. ಬರ್ನಾರ್ಡ್ ಕರವಸ್ತ್ರ ತೆಗೆದು ಸದ್ದು ಮಾಡಿ ಮೂಗು ಒರೆಸಿಕೊಂಡರು.

"ಹಳೇ ಸಾಮಾನು?" ಡೋರೀನ್ ಕೇಳಿದರು, ಯಾವುದೋ ಸಣ್ಣ ವಿಷಯ ಕೇಳುವಂತೆ.

"ಹಾಲೆಂಡಿನವನೊಬ್ಬ ಕೊಂಡ್ಕೊಂಡ. ಅವರಲ್ಲಿ ಎಡಗಡೇನೇ ಅಲ್ವಾ. ಆ ದುಡ್ಡಲ್ಲಿ ನಿನಗೆ ಹೊಸಾ ಟೈರು ಹಾಕ್ಸಿದ್ದೀವಿ, ನೋಡ್ಲಿಲ್ವಾ?"

ಡೋರೀನ್ ಟೈರು ನೋಡಿದರು. ಚೆನ್ನಾಗಿದೆ ಎಂದರು. ಆಮೇಲೆ ಚಹಾ ಆಯಿತು, ಕೇಕು ಆಯಿತು. ಪ್ರತಿ ಬೋಲ್ಟನ್ನೂ ಯಾರು ಬಿಗಿದರು ಎಂಬ ಮಾತಾಯಿತು.

ಎಲ್ಲರೂ ಹೊರಡುವ ಹೊತ್ತಿಗೆ ಕ್ಲಿಫ್ ಗ್ಯಾರೇಜಿನ ಕೀಲಿಯನ್ನು ಡೋರೀನ್ ಅಂಗೈಯಲ್ಲಿಟ್ಟರು. "ಇನ್ನು ನೀವು ಯಾರಿಗೂ ಕಾಯ್ಬೇಕಿಲ್ಲ," ಎಂದರು. ಅವರ ಮುಖ ಹೊಳೆಯುತ್ತಿತ್ತು. ಅಷ್ಟು ಸಂತೋಷವನ್ನು ಆ ಮುಖದಲ್ಲಿ ನಾವು ಹಿಂದೆ ಕಂಡಿರಲಿಲ್ಲ.

"ಜೂನ್‌ನಲ್ಲಿ ಕ್ಲಬ್ಬಿನವರು ಸಮುದ್ರ ನೋಡೋಕೆ ಫೈಲಿ ಊರಿಗೆ ಹೋಗ್ತಾರಲ್ಲ," ಎಂದರು ಡೋರೀನ್. "ನೀವು ಬರ್ತೀರಲ್ಲ?"

"ಬರ್ತೀನಿ. ಬರ್ನಾರ್ಡ್ ಗಾಡೀಲಿ ಜಾಗ ಇದೆ ಅಂದ."

"ನಾಯಿ ಬರಲ್ವಾ?"

"ತೊಡೆ ಮೇಲೆ ಕೂರುತ್ತೆ."

"ನನ್ನ ಗಾಡೀಲೂ ಜಾಗ ಇದೆ, ಕ್ಲಿಫ್."

"ಬೇಡ ಬೇಡ. ನಿಮಗ್ಯಾಕೆ ತೊಂದರೆ? ಈಗ ನಿಮಗೇ ಎಲ್ಲಾ ಕಾಣ್ಸುತ್ತೆ."

"ತೊಂದರೆ ಏನಿಲ್ಲ. ಸುಮ್ಮನೆ ಬನ್ನಿ."

"ಸುಮ್ಮನೆ ಭಾರ," ಎಂದರು ಕ್ಲಿಫ್, ತಮ್ಮ ಬೂಟುಗಳನ್ನು ನೋಡಿಕೊಂಡು. ಆದರೆ ಕಾಲು ಕದಲಿಸಲಿಲ್ಲ. ಗೇಟಿನ ಬಳಿ ಬರ್ನಾರ್ಡ್ ಹಾರ್ನು ಒತ್ತಿದರು. ಕ್ಲಿಫ್ ಇನ್ನೂ ನಿಂತೇ ಇದ್ದರು, ಕ್ಯಾಪನ್ನು ಕೈಯಲ್ಲಿ ತಿರುಗಿಸುತ್ತ. ಡೋರೀನ್ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದರು. ಬಾಯಿ ತೆರೆದರು. ಬರಲು ಇಷ್ಟವಿಲ್ಲದವರನ್ನು ಎಷ್ಟು ಸಲ ಕರೆಯುವುದು ಅನ್ನಿಸಿತೋ ಏನೋ.

"ಸರಿ ಹಾಗಾದ್ರೆ," ಎಂದರು.

"ಸರಿ," ಎಂದು ಕ್ಲಿಫ್ ಕ್ಯಾಪು ಹಾಕಿಕೊಂಡರು.

ಆ ಶನಿವಾರ ಗ್ಯಾರೇಜಿನ ಬಾಗಿಲನ್ನು ಯಾರೂ ಬಡಿಯಲಿಲ್ಲ. ಆಮೇಲಿನ ಶನಿವಾರಗಳಲ್ಲೂ ಇಲ್ಲ. ಕಾರು ಒಳಗೇ ಇತ್ತು. ಡೋರೀನ್ ಅಂಗಡಿಯನ್ನು ಶನಿವಾರವೂ ಇಡೀ ದಿನ ತೆರೆದಿಡತೊಡಗಿದರು.

ಜೂನ್‌ನ ಮೊದಲ ಭಾನುವಾರ ಫೈಲಿಯ ಪಯಣ. ಚೌಕದಿಂದ ಕಾರುಗಳು ಒಂದರ ಹಿಂದೊಂದು ಹೊರಟವು. ಡೋರೀನ್ ಬಂದಿದ್ದರು. ಬರದಿದ್ದರೆ ಅಷ್ಟು ಜನರ ಚಳಿಗಾಲದ ಕೆಲಸಕ್ಕೆ ಏನು ಅರ್ಥ? ತಲೆಗೆ ವಸ್ತ್ರ ಕಟ್ಟಿದ್ದರು, ಸೀಟನ್ನು ಮುಂದಕ್ಕೆ ಎಳೆದುಕೊಂಡಿದ್ದರು. ಎಡಗಡೆಯ ಸೀಟಿನ ಮೇಲೆ ಫ್ಲಾಸ್ಕು ಇತ್ತು. ಮೊದಲ ತಿರುವಿನಲ್ಲೇ ಅದು ಉರುಳಿ ಕೆಳಗೆ ಬಿತ್ತು, ಮತ್ತೆ ಎತ್ತಿಡಲು ಕೈ ಎಟುಕಲಿಲ್ಲ.

ದಿಬ್ಬದಲ್ಲಿ ಟ್ರಾಕ್ಟರು ಸಿಕ್ಕಿತು. ಮುಂದಿನ ಕಾರುಗಳು ಆಗಲೇ ದಾಟಿ ಹೋಗಿದ್ದವು. ಡೋರೀನ್ ಸ್ವಲ್ಪವೇ ಬಲಕ್ಕೆ ಸರಿದು ನೋಡಿದರು. ರಸ್ತೆ ದಿಬ್ಬದ ತುದಿಯವರೆಗೂ ಬಿಳಿಚಿಕೊಂಡು ಬಿದ್ದಿತ್ತು. ಒಂದು ಗಾಡಿಯಿಲ್ಲ, ಒಂದು ಸೈಕಲ್ಲಿಲ್ಲ. ಎರಡೂ ಬದಿ ಎಳೆ ಬಾರ್ಲಿ ಗಾಳಿಗೆ ಬಾಗುತ್ತಿತ್ತು. ಇಷ್ಟು ಚೆನ್ನಾಗಿ ಕಾಣುವ ರಸ್ತೆಯಲ್ಲಿ ಯಾರನ್ನೂ ಏನೂ ಕೇಳಬೇಕಿರಲಿಲ್ಲ. ಗೇರು ಇಳಿಸಿ, ಸಲೀಸಾಗಿ ಮುಂದೆ ಹೋದರು. ಟ್ರಾಕ್ಟರಿನವನು ಕೈಯೆತ್ತಿದ, ಇವರೂ ಎತ್ತಿದರು.

ಫೈಲಿಯಲ್ಲಿ ಸಮುದ್ರದ ದಂಡೆಯ ಮೇಲೆ ಕಾರುಗಳೆಲ್ಲ ಸಾಲಾಗಿ ನಿಂತವು. ಗಂಡಸರು ಬಾನೆಟ್ಟು ಎತ್ತಿ ಒಬ್ಬರ ಎಂಜಿನ್ನಿನೊಳಗೆ ಇನ್ನೊಬ್ಬರು ಬಗ್ಗಿದರು. ಡೋರೀನ್ ಸೀಟಿನಲ್ಲೇ ಕೂತು, ಕಾಗದದ ಪೊಟ್ಟಣ ಬಿಚ್ಚಿ ಕರಿದ ಮೀನು, ಆಲೂ ತಿನ್ನುತ್ತಿದ್ದರು. ಕ್ಲಿಫ್ ಬಂದರು. ಅಂಗಿಯ ತುಂಬ ನಾಯಿಯ ಕೂದಲು ಅಂಟಿತ್ತು. ಎಡಗಡೆ ಬಂದು ನಿಂತರು.

"ಹೇಗಿತ್ತು ದಾರಿ?"

"ಚೆನ್ನಾಗಿತ್ತು."

"ಟ್ರಾಕ್ಟರು ಸಿಕ್ಕಿತ್ತಲ್ಲ? ನಾವು ದಾಟಿದ ಮೇಲೆ ಹಿಂದೆ ತಿರುಗಿ ನೋಡ್ತಾನೇ ಇದ್ದೆ."

"ಸಿಕ್ತು."

"ಕಾಣಿಸ್ತಾ?"

"ಎಲ್ಲಾ ಕಾಣಿಸ್ತು, ಕ್ಲಿಫ್."

"ಒಳ್ಳೇದಾಯ್ತು," ಎಂದರು ಅವರು. ಬಾಗಿಲಿನ ಅಂಚಿನ ಮೇಲೆ ಕೈಯಿಟ್ಟರು. ಬಿಸಿಲಿಗೆ ತಗಡು ಬೆಚ್ಚಗಿತ್ತು. ಡೋರೀನ್ ಪೊಟ್ಟಣವನ್ನು ಅವರತ್ತ ಚಾಚಿದರು. ಕ್ಲಿಫ್ ಒಂದೇ ಒಂದು ಆಲೂ ತುಂಡು ತೆಗೆದುಕೊಂಡು, ನಿಂತೇ ತಿಂದರು. ಇಬ್ಬರೂ ಸಮುದ್ರವನ್ನು ನೋಡಿದರು. ಅಲೆಗಳು ದೂರಕ್ಕೆ ಹಿಂದೆ ಸರಿದಿದ್ದವು, ಮರಳು ಒದ್ದೆಯಾಗಿ ಮಿನುಗುತ್ತಿತ್ತು.

ಆಚೆಯಿಂದ ಬರ್ನಾರ್ಡ್ ಕೂಗಿದರು, "ಏ ಗೇಟಪ್ಪ, ಈ ಕಾರ್ಬೊರೇಟರ್ ಹಿಡ್ಕೋ ಬಾರೋ!"

ಕ್ಲಿಫ್ ಬಾಗಿಲಿನಿಂದ ಕೈ ತೆಗೆದು ಹೊರಟರು.